ಅಧ್ಯಾಪಕರ ಕಾರ್ಯನಿರ್ವಹಣೆಯ ಮಾಪನ: ಒಂದು ವಿಮರ್ಶೆ

೧

ನೌಕರನೊಬ್ಬನು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ನಿರ್ವಹಿಸುತ್ತಿದ್ದಾನೆ ಎಂಬುದನ್ನು ಅಳೆಯುವುದಕ್ಕೆ ಮುಂಚೆ ಅವನ ಕೆಲಸವೆಂದರೆ ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮಾತು ಸರಳವಾದದ್ದು, ಆದರೆ ವ್ಯವಹಾರದಲ್ಲಿ ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಅಳೆಯಲು ಸುಲಭವಾದದ್ದನ್ನು ಮೊದಲು ಅಳೆದು, ಅಳತೆಗೆ ಸಿಕ್ಕಿದ್ದನ್ನೇ ಕೆಲಸವೆಂದು ಆಮೇಲೆ ಹೆಸರಿಸುವ ಪದ್ಧತಿ ಬೆಳೆದುಬಿಡುತ್ತದೆ. ಪ್ರಕೃತ ಲೇಖನದಲ್ಲಿ ನಾವು ಈ ಸಂಗತಿಯನ್ನು ನಮ್ಮ ವೃತ್ತಿಗೇ ಸೇರಿದ ಒಂದು ನಿದರ್ಶನದ ಮೂಲಕ ಪರಿಶೀಲಿಸಲು ಉದ್ದೇಶಿಸಿದ್ದೇವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೦ರಲ್ಲಿಯೂ ೨೦೧೮ರಲ್ಲಿಯೂ ಹೊರಡಿಸಿದ ನಿಯಮಾವಳಿಗಳಲ್ಲಿ ಕಾಲೇಜು ಅಧ್ಯಾಪಕರ ಕಾರ್ಯನಿರ್ವಹಣೆಗೆ ಗೊತ್ತುಮಾಡಿದ ಮಾನದಂಡವೇ ಆ ನಿದರ್ಶನ. ಆ ನಿಯಮಾವಳಿಗಳನ್ನು ಆಡಳಿತದ ಕಾಗದಗಳೆಂದು ಬದಿಗಿಡದೆ, ಒಂದು ವೃತ್ತಿಯ ಸ್ವರೂಪವನ್ನು ನಿರೂಪಿಸುವ ಗ್ರಂಥವೆಂದು ಭಾವಿಸಿ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಿಂತು ನೋಡುವವರಿಗೆ ಈ ವಿಷಯ ಇನ್ನಷ್ಟು ಸ್ಫುಟವಾಗಿ ಕಾಣುತ್ತದೆ. ೧೯೪೮ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ನ್ಯಾಷನಲ್ ಕಾಲೇಜು, ವಿಜಯಾ ಕಾಲೇಜು, ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು ಮೊದಲಾದ ವಿದ್ಯಾಸಂಸ್ಥೆಗಳಿವೆ. ಅದರ ಸುತ್ತಣ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳ ನೌಕರರು ದಟ್ಟವಾಗಿ ನೆಲಸಿದ್ದಾರೆ. ಒಂದೇ ಮನೆಯಲ್ಲಿ ತಾಯಿ ಅಧ್ಯಾಪಕಿಯೂ ಮಗ ಸಾಫ್ಟ್‌ವೇರ್ ನೌಕರನೂ ಆಗಿರುವುದು ಇಲ್ಲಿ ವಿರಳವಲ್ಲ. ಇಬ್ಬರೂ ವರ್ಷಕ್ಕೊಮ್ಮೆ ತಮ್ಮ ಕಾರ್ಯನಿರ್ವಹಣೆಯ ನಮೂನೆಯನ್ನು ತುಂಬಬೇಕು. ನೌಕರರನ್ನು ಒಬ್ಬರೊಡನೊಬ್ಬರನ್ನು ಹೋಲಿಸಿ, ಇಷ್ಟು ಮಂದಿ ಮೇಲಣವರು, ಇಷ್ಟು ಮಂದಿ ಕೆಳಗಣವರು ಎಂದು ಕಡ್ಡಾಯವಾಗಿ ವಿಂಗಡಿಸುವ ಪದ್ಧತಿಯನ್ನು ಮೈಕ್ರೋಸಾಫ್ಟ್ ಕಂಪನಿ ೨೦೧೩ರಲ್ಲಿಯೂ ಬೆಂಗಳೂರಿನ ಇನ್ಫೋಸಿಸ್ ೨೦೧೫ರಲ್ಲಿಯೂ ಕೈಬಿಟ್ಟವು. ಎಣಿಕೆಯಲ್ಲಿಯೇ ಹುಟ್ಟಿ ಬೆಳೆದ ಉದ್ಯಮವು ನೌಕರರ ವಿಷಯದಲ್ಲಿ ಎಣಿಕೆಯ ಮಿತಿಯನ್ನು ಕಂಡುಕೊಳ್ಳುತ್ತಿದ್ದ ವರ್ಷಗಳಲ್ಲಿಯೇ ನಮ್ಮ ಕಾಲೇಜುಗಳು ಎಣಿಕೆಯನ್ನು ಬಿಗಿಯಾಗಿ ಹಿಡಿದದ್ದು ವಿಚಾರಾರ್ಹವಾದ ಸಂಗತಿ.

೨

ಕಾರ್ಯನಿರ್ವಹಣೆ ಎಂಬ ಪದಕ್ಕೆ ಮನಶ್ಶಾಸ್ತ್ರಜ್ಞರು ಕೊಟ್ಟಿರುವ ಅರ್ಥವನ್ನು ಮೊದಲು ನೋಡೋಣ. ಅಮೆರಿಕದ ಜಾನ್ ಪಿ. ಕ್ಯಾಂಬೆಲ್ ೧೯೯೦ರಲ್ಲಿ ಮಂಡಿಸಿದ ಸಿದ್ಧಾಂತದಂತೆ ಕಾರ್ಯನಿರ್ವಹಣೆ ಎಂದರೆ ನೌಕರನ ವರ್ತನೆ. ಅಂದರೆ ಸಂಸ್ಥೆಯ ಉದ್ದೇಶಕ್ಕೆ ಅನುಗುಣವಾಗಿ ಆತನು ಮಾಡುವ ಕಾರ್ಯ. ಆ ಕಾರ್ಯದಿಂದ ಒದಗುವ ಫಲ ಬೇರೆ. ಏಕೆಂದರೆ ಫಲವು ನೌಕರನ ಕೈಯಲ್ಲಿಲ್ಲದ ಹಲವು ಕಾರಣಗಳಿಗೆ ಅಧೀನವಾದದ್ದು. ಬರಗಾಲದಲ್ಲಿ ಬೆಳೆ ಒಣಗಿದರೆ ರೈತನ ಉಳುಮೆ ಕೆಟ್ಟದ್ದೆಂದು ಹೇಳಲಾಗದು. ಬೋರ್ಮನ್ ಮತ್ತು ಮೊಟೊವಿಡ್ಲೊ ಎಂಬ ವಿದ್ವಾಂಸರು ೧೯೯೩ರಲ್ಲಿ ಮತ್ತೊಂದು ಭೇದವನ್ನು ತೋರಿಸಿಕೊಟ್ಟರು. ನೇಮಕದ ಪತ್ರದಲ್ಲಿ ಬರೆದ ಕೆಲಸ ಒಂದು. ಸಹೋದ್ಯೋಗಿಗಳಿಗೆ ನೆರವಾಗುವುದು, ಯಾರೂ ಹೇಳದಿದ್ದರೂ ಸಂಸ್ಥೆಯ ಹೊಣೆಯನ್ನು ಹೊರುವುದು ಇನ್ನೊಂದು. ಎರಡನೆಯದು ಯಾವ ಪಟ್ಟಿಯಲ್ಲಿಯೂ ಸುಲಭವಾಗಿ ಸೇರದು. ಆದರೆ ಅದಿಲ್ಲದೆ ಯಾವ ಸಂಸ್ಥೆಯೂ ನಡೆಯದು.

ಮಾಪನದ ತೊಂದರೆಗಳೂ ಹೊಸವಲ್ಲ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರೀಕ್ಷಿಸಿ ಎಡ್ವರ್ಡ್ ಥಾರ್ನ್‌ಡೈಕ್ ೧೯೨೦ರಲ್ಲಿಯೇ ಒಂದು ದೋಷವನ್ನು ಗುರುತಿಸಿದ್ದನು. ಒಬ್ಬನ ಒಂದು ಗುಣ ಮೆಚ್ಚಿಗೆಯಾದರೆ ಅಧಿಕಾರಿಯು ಉಳಿದ ಗುಣಗಳಿಗೂ ಹೆಚ್ಚು ಅಂಕ ಕೊಟ್ಟುಬಿಡುತ್ತಾನೆ. ನಮ್ಮ ಸರಕಾರಿ ಕಚೇರಿಗಳ ಗೌಪ್ಯ ವರದಿಗಳಲ್ಲಿ ಈ ದೋಷದ ಜೊತೆಗೆ ಗೋಪ್ಯತೆಯೂ ಸೇರಿತ್ತು. ತನ್ನ ವಿಷಯದಲ್ಲಿ ಏನು ಬರೆದಿದೆಯೆಂದು ನೌಕರನಿಗೆ ಪೂರ್ಣವಾಗಿ ತಿಳಿಯುತ್ತಿರಲಿಲ್ಲ. ದೇವದತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸತಕ್ಕದ್ದೆಂದು ತೀರ್ಪು ಕೊಟ್ಟಿತು.

ಈ ಹಿನ್ನೆಲೆಯನ್ನು ಮರೆತರೆ ಅಂಕಪದ್ಧತಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮೇಲಧಿಕಾರಿಯ ಮರ್ಜಿ, ಜಾತಿಯ ಸಲಿಗೆ, ಊರಿನ ಬಾಂಧವ್ಯ ಇವುಗಳಿಂದ ಬಡ್ತಿ ನಿರ್ಣಯವಾಗುತ್ತಿದ್ದ ಕಡೆ, ಎಲ್ಲರಿಗೂ ತಿಳಿದ ಒಂದು ಕೋಷ್ಟಕವು ದುರ್ಬಲನಾದ ಅಧ್ಯಾಪಕನಿಗೆ ಒಂದು ರಕ್ಷೆಯೇ ಸರಿ. ಆದಕಾರಣ ಅಳತೆಯೇ ಬೇಡವೆಂಬುದು ನಮ್ಮ ವಾದವಲ್ಲ. ಯಾವುದನ್ನು ಅಳೆದಿದೆ ಎಂಬುದು ನಮ್ಮ ಪ್ರಶ್ನೆ.

೩

೨೦೧೦ರ ನಿಯಮಾವಳಿಯು ಅಧ್ಯಾಪಕನ ಕಾರ್ಯವನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಬೋಧನೆ ಮತ್ತು ಮೌಲ್ಯಮಾಪನ ಮೊದಲನೆಯದು; ಸಹಪಠ್ಯ ಚಟುವಟಿಕೆ ಮತ್ತು ವಿಸ್ತರಣಾ ಕಾರ್ಯ ಎರಡನೆಯದು; ಸಂಶೋಧನೆ ಮೂರನೆಯದು. ಎ.ಪಿ.ಐ. ಎಂದು ಅಧ್ಯಾಪಕರೆಲ್ಲರ ಬಾಯಲ್ಲಿ ಬಳಕೆಯಾದ ಸೂಚಕ ಇದೇ.

ಮೊದಲನೆಯ ವರ್ಗಕ್ಕೆ ವರ್ಷಕ್ಕೆ ಗರಿಷ್ಠ ೧೨೫ ಅಂಕಗಳು. ಅವುಗಳ ಹಂಚಿಕೆಯನ್ನು ವಾಚಕರು ಗಮನಿಸಬೇಕು. ತರಗತಿಗಳನ್ನು ತೆಗೆದುಕೊಂಡದ್ದಕ್ಕೆ ೫೦, ನಿಗದಿಗಿಂತ ಹೆಚ್ಚಿನ ತರಗತಿಗಳಿಗೆ ೧೦, ಪಾಠದ ಸಿದ್ಧತೆ ಮತ್ತು ಪಠ್ಯಕ್ಕೆ ಹೊರತಾದ ಸಾಮಗ್ರಿಯನ್ನು ಒದಗಿಸಿದ್ದಕ್ಕೆ ೨೦, ಹೊಸ ಬೋಧನಾ ವಿಧಾನಗಳಿಗೆ ೨೦, ಪರೀಕ್ಷೆಯ ಕೆಲಸಗಳಿಗೆ ೨೫. ಪಾಠಕ್ಕೆ ಸಿದ್ಧನಾಗಿ ಬರುವುದಕ್ಕಿಂತ ಪರೀಕ್ಷೆಯ ಕೊಠಡಿಯ ಮೇಲ್ವಿಚಾರಣೆಯೂ ಉತ್ತರಪತ್ರಿಕೆಗಳ ಮೌಲ್ಯಮಾಪನವೂ ಐದು ಅಂಕ ಹೆಚ್ಚಿನ ಬೆಲೆಯುಳ್ಳವು ಎಂದು ಈ ಕೋಷ್ಟಕ ಹೇಳಿತು. ಹಾಗೆ ಹೇಳುವ ಉದ್ದೇಶ ಅದನ್ನು ರಚಿಸಿದವರಿಗೆ ಇದ್ದಿರಲಾರದು. ಪರೀಕ್ಷೆಯ ಕೆಲಸಕ್ಕೆ ಆದೇಶಪತ್ರವುಂಟು, ಹಾಜರಿಯುಂಟು. ರಾತ್ರಿ ಕುಳಿತು ಓದಿದ್ದಕ್ಕೆ ಯಾರ ಸಹಿಯೂ ಇಲ್ಲ. ಕಾಗದವಿರುವ ಕೆಲಸ ಹೀಗೆ ತಾನಾಗಿಯೇ ಮೇಲಕ್ಕೆ ಬಂದಿತು.

ಮೂರನೆಯ ವರ್ಗದಲ್ಲಿ ಈ ಪ್ರವೃತ್ತಿ ಇನ್ನೂ ಸ್ಪಷ್ಟ. ಪರಿಶೀಲನೆಗೊಳಪಟ್ಟ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಬಂಧಕ್ಕೆ ೧೫ ಅಂಕ. ಅಂತರರಾಷ್ಟ್ರೀಯ ಪ್ರಕಾಶಕರಿಂದ ಬಂದ ಗ್ರಂಥಕ್ಕೆ ೫೦, ರಾಷ್ಟ್ರಮಟ್ಟದ ಪ್ರಕಾಶಕರ ಗ್ರಂಥಕ್ಕೆ ೨೫, ಸ್ಥಳೀಯ ಪ್ರಕಾಶಕರ ಗ್ರಂಥಕ್ಕೆ ೧೫. ಗ್ರಂಥದ ಗುಣವನ್ನು ಪ್ರಕಾಶಕನ ವಿಳಾಸದಿಂದ ಊಹಿಸುವ ಕ್ರಮವಿದು. ಕನ್ನಡದಲ್ಲಿ ಚರಿತ್ರೆಯನ್ನು ಬರೆಯುವವನ ಪುಸ್ತಕ ಸಾಮಾನ್ಯವಾಗಿ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿಯೇ ಅಚ್ಚಾಗಬೇಕು. ಹಾಗಾದರೆ ಆತನ ಹತ್ತು ವರ್ಷದ ಗ್ರಂಥವೂ ಮತ್ತೊಬ್ಬನ ಹತ್ತು ಪುಟದ ಪ್ರಬಂಧವೂ ಸಮಾನ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಪ್ರಕಟವಾದವು. ಆಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಅಧಿಕಾರಿಗಳಾಗಿದ್ದವರು, ಕಾಲೇಜು ಅಧ್ಯಾಪಕರಾಗಿ ಈ ಕೆಲಸ ಮಾಡಿದವರಲ್ಲ. ಹೋಲಿಕೆಗೆಂದು ಮಾತ್ರ ತೆಗೆದುಕೊಳ್ಳುತ್ತೇವೆ. ಮೂರು ಸಂಪುಟಗಳನ್ನೂ ಸ್ಥಳೀಯ ಪ್ರಕಟನೆಗಳೆಂದು ಎಣಿಸಿದರೆ ೪೫ ಅಂಕ. ಉದಾರವಾಗಿ ರಾಷ್ಟ್ರಮಟ್ಟದವೆಂದು ಎಣಿಸಿದರೆ ೭೫. ಐದು ಪ್ರಬಂಧಗಳನ್ನು ಬರೆದವನು ಈ ಮೂರು ಸಂಪುಟಗಳ ಸಮಕ್ಕೆ ಬಂದು ನಿಲ್ಲುತ್ತಾನೆ. ಕನ್ನಡ ಸಾಹಿತ್ಯಚರಿತ್ರೆಯನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದಿಗೂ ಆ ಸಂಪುಟಗಳ ಕಡೆಗೆ ಹೋಗಬೇಕಾಗಿದೆ ಎಂಬ ಸಂಗತಿಗೆ ಕೋಷ್ಟಕದಲ್ಲಿ ಕಲಮು ಇಲ್ಲ.

೪

ಎಣಿಕೆಯ ಮೇಲೆ ಬಡ್ತಿ ನಿಂತರೆ ಎಣಿಸತಕ್ಕ ವಸ್ತುವನ್ನು ಒದಗಿಸುವ ಅಂಗಡಿಗಳು ಏಳುತ್ತವೆ. ಹಣ ತೆತ್ತರೆ ಯಾವ ಪ್ರಬಂಧವನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ದೇಶದಲ್ಲೆಲ್ಲ ಹುಟ್ಟಿಕೊಂಡವು. ಇದನ್ನು ತಡೆಯಲು ಆಯೋಗವು ಮಾನ್ಯ ಪತ್ರಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿತು. ಭೂಷಣ ಪಟವರ್ಧನ ಮತ್ತು ಅವರ ಸಂಗಡಿಗರು ಆ ಪಟ್ಟಿಯಲ್ಲಿ ವಿಶ್ವವಿದ್ಯಾನಿಲಯಗಳ ಶಿಫಾರಸಿನಿಂದ ಸೇರಿದ ಪತ್ರಿಕೆಗಳಲ್ಲಿ ೧,೦೦೯ನ್ನು ಪರೀಕ್ಷಿಸಿ ೨೦೧೮ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅವುಗಳಲ್ಲಿ ಅರ್ಹವೆನಿಸಿದವು ೧೧೨ ಮಾತ್ರ. ಆ ವರ್ಷದ ಮೇ ತಿಂಗಳಲ್ಲಿ ಆಯೋಗವು ೪,೩೦೫ ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಅನಂತರ ಬಂದ ಕೇರ್ ಪಟ್ಟಿಯೂ ೨೦೨೫ರ ಫೆಬ್ರವರಿಯ ಪ್ರಕಟಣೆಯೊಡನೆ ಕೊನೆಗೊಂಡಿತು.

ಇದನ್ನು ಕೆಲವರು ಅಧ್ಯಾಪಕರ ನೈತಿಕ ಪತನವೆಂದು ವರ್ಣಿಸಿದ್ದಾರೆ. ಅಷ್ಟರಿಂದ ವಿಷಯ ಮುಗಿಯುವುದಿಲ್ಲ. ಯಾವುದೊಂದು ಅಳತೆಯನ್ನು ನಿರ್ಧಾರಗಳಿಗೆ ಹೆಚ್ಚು ಹೆಚ್ಚಾಗಿ ಬಳಸಿದಷ್ಟೂ ಅದು ಕೆಡುವ ಒತ್ತಡಕ್ಕೆ ಒಳಗಾಗುತ್ತದೆ, ತಾನು ಅಳೆಯಬೇಕಾದ ಕಾರ್ಯವನ್ನೂ ಕೆಡಿಸುತ್ತದೆ ಎಂದು ಡೊನಾಲ್ಡ್ ಕ್ಯಾಂಬೆಲ್ ಎಂಬ ಮತ್ತೊಬ್ಬ ವಿದ್ವಾಂಸನು ೧೯೭೦ರ ದಶಕದಲ್ಲಿಯೇ ಎಚ್ಚರಿಸಿದ್ದನು. ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ, ಗ್ರಂಥಾಲಯವೂ ಬಿಡುವೂ ಇಲ್ಲದ ಕಾಲೇಜಿನಲ್ಲಿ ಕುಳಿತ ಅಧ್ಯಾಪಕನಿಂದ ವರ್ಷವರ್ಷವೂ ಪ್ರಬಂಧವನ್ನು ಕೇಳಿದಾಗ ಪ್ರಬಂಧವೆಂಬ ಹೆಸರಿನ ಕಾಗದವು ಬಂದೇ ಬರುತ್ತದೆ.

೨೦೧೮ರ ಜುಲೈ ತಿಂಗಳ ನಿಯಮಾವಳಿಯು ಹಳೆಯ ಸೂಚಕವನ್ನು ಸರಳಗೊಳಿಸಿ ಅಂಕಗಳ ಬದಲಿಗೆ ದರ್ಜೆಗಳನ್ನು ತಂದಿತು. ಇದರಿಂದ ಹೊರೆ ಕಡಮೆಯಾದದ್ದು ನಿಜ. ಆದರೆ ಬೋಧನೆಯ ವಿಷಯದಲ್ಲಿ ಅದು ಕೊಟ್ಟ ಸೂತ್ರವನ್ನು ನೋಡಿ: ತೆಗೆದುಕೊಂಡ ತರಗತಿಗಳನ್ನು ವಹಿಸಿದ ತರಗತಿಗಳಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಶೇಕಡ ೮೦ ಮತ್ತು ಮೇಲ್ಪಟ್ಟರೆ ಉತ್ತಮ, ೭೦ರಿಂದ ೮೦ರೊಳಗೆ ತೃಪ್ತಿಕರ, ಅದಕ್ಕೆ ಕೆಳಗೆ ಅತೃಪ್ತಿಕರ. ತರಗತಿಗೆ ಹೋದವನೆಲ್ಲ ಉತ್ತಮ ಬೋಧಕ. ಹಳೆಯ ಟಿಪ್ಪಣಿಯನ್ನು ಇಪ್ಪತ್ತು ವರ್ಷ ಓದಿ ಬರೆಸಿದವನಿಗೂ ಪಠ್ಯದ ಪ್ರತಿಯೊಂದು ಪುಟವನ್ನೂ ವಿದ್ಯಾರ್ಥಿಗಳೊಡನೆ ಚರ್ಚಿಸಿದವನಿಗೂ ಈ ಸೂತ್ರ ಒಂದೇ ಉತ್ತರವನ್ನು ಕೊಡುತ್ತದೆ. ಇದು ಹಾಜರಿಯ ಅಳತೆ. ಬೋಧನೆಯ ಅಳತೆಯೆಂದು ಅದನ್ನು ಕರೆದದ್ದು ತಪ್ಪು.

ಇತರ ಚಟುವಟಿಕೆಗಳನ್ನು ಅದೇ ನಿಯಮಾವಳಿ ಏಳು ಬಗೆಯಾಗಿ ಪಟ್ಟಿ ಮಾಡಿ, ಮೂರರಲ್ಲಿ ತೊಡಗಿದವರನ್ನು ಉತ್ತಮರೆಂದಿತು. ಇಲ್ಲಿಯೂ ಎಣಿಸಿದ್ದು ಬಗೆಗಳನ್ನೇ. ಡಾ. ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ವಿಜ್ಞಾನೋಪನ್ಯಾಸಗಳನ್ನು ನಡೆಸಿಕೊಂಡು ಬಂದಿತು. ಕೋಷ್ಟಕದ ಭಾಷೆಯಲ್ಲಿ ದಶಕಗಳ ಆ ಕಾರ್ಯವೂ ವರ್ಷಕ್ಕೊಮ್ಮೆ ನಡೆದ ಒಂದು ಔಪಚಾರಿಕ ಸಮಾರಂಭವೂ ಒಂದೊಂದು ಚಟುವಟಿಕೆ. ಬಿ.ಟಿ.ಎಂ. ಬಡಾವಣೆಯಿಂದ ಕೆಲವು ಮೈಲಿಗಳ ದೂರದಲ್ಲಿ, ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ, ಸುಮಾರು ೮೯೦ರ ಕಾಲದ ಶಾಸನವಿರುವ ಬೇಗೂರಿಗೆ ವಿದ್ಯಾರ್ಥಿಗಳನ್ನು ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ ಹಳಗನ್ನಡ ಲಿಪಿಯನ್ನು ಓದಲು ಕಲಿಸುವ ಚರಿತ್ರೆಯ ಅಧ್ಯಾಪಕನಿದ್ದಾನೆಂದು ಭಾವಿಸೋಣ. ಆತನಿಗೂ, ಒಮ್ಮೆ ಮಾತ್ರ ಅಲ್ಲಿಗೆ ಹೋಗಿ ಭಾವಚಿತ್ರ ತೆಗೆಸಿಕೊಂಡು ಬಂದವನಿಗೂ ಸಲ್ಲುವ ನಮೂದು ಒಂದೇ.

೫

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಎಲ್ಲಿಯೋ ಓದಿದಂತೆ ತೋರಬೇಕು. ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ೧೮೬೨ರಲ್ಲಿ ಜಾರಿಗೆ ತಂದ ಪರಿಷ್ಕೃತ ಸಂಹಿತೆಯು ಶಾಲೆಗಳ ಅನುದಾನವನ್ನು ಫಲಿತಾಂಶಕ್ಕೆ ಕಟ್ಟಿಹಾಕಿತು. ಬಾಲಕನೊಬ್ಬನು ಓದು, ಬರೆಹ, ಲೆಕ್ಕ ಇವುಗಳಲ್ಲಿ ಒಂದೊಂದರಲ್ಲಿ ತಪ್ಪಿದಾಗಲೂ ಅವನ ಪಾಲಿನ ಅನುದಾನದಲ್ಲಿ ೨ ಷಿಲಿಂಗ್ ೮ ಪೆನ್ಸ್ ಕಡಿತವಾಗುತ್ತಿತ್ತು. ಉಪಾಧ್ಯಾಯರು ಆ ಮೂರನ್ನೇ ಗಿಳಿಪಾಠ ಮಾಡಿಸಿದರು. ಉಳಿದ ವಿದ್ಯೆಗಳು ಸೊರಗಿದವು. ಕವಿಯೂ ಶಾಲಾ ಪರೀಕ್ಷಕನೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್, ಶಿಕ್ಷಣ ಯಾಂತ್ರಿಕವಾಯಿತೆಂದು ಆಗಲೇ ದೂರಿದನು. ಮೂರು ದಶಕಗಳ ಅನುಭವದ ಬಳಿಕ, ೧೮೯೦ರ ದಶಕದಲ್ಲಿ ಆ ಪದ್ಧತಿಯನ್ನು ಅಲ್ಲಿ ಬಿಟ್ಟುಕೊಟ್ಟರು.

ಅದೇ ತತ್ತ್ವ ಕನ್ನಡನಾಡಿಗೂ ಬಂದಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೂ ಬಳ್ಳಾರಿ ಮತ್ತು ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡಗಳು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ೧೮೬೦ರ ದಶಕದಿಂದ ಫಲಿತಾಂಶಾನುದಾನ ಬಳಕೆಯಲ್ಲಿತ್ತು. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳ ಮಟ್ಟಿಗೆ ಈ ಪದ್ಧತಿಗೆ ಒಪ್ಪಿಗೆಯಿತ್ತರೂ ಕಾಲೇಜುಗಳ ವಿಷಯದಲ್ಲಿ ಬೇರೆ ದಾರಿಯನ್ನು ಹಿಡಿಯಿತು. ಅಧ್ಯಾಪಕವರ್ಗದ ಬಲ, ನಿರ್ವಹಣೆಯ ವೆಚ್ಚ, ಸಂಸ್ಥೆಯ ದಕ್ಷತೆ, ಪ್ರದೇಶದ ಅಗತ್ಯ ಈ ನಾಲ್ಕನ್ನು ನೋಡಿ ಕಾಲೇಜಿನ ಅನುದಾನವನ್ನು ನಿರ್ಧರಿಸಬೇಕೆಂದು ಅದು ಶಿಫಾರಸು ಮಾಡಿತು. ಪ್ರಾಥಮಿಕ ಶಾಲೆಗಳಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಲಿತಾಂಶಾನುದಾನವನ್ನು ಕೈಬಿಡಲಾಯಿತು. ವಿದೇಶೀ ಸರಕಾರವೊಂದು ಮಿತವ್ಯಯಕ್ಕಾಗಿ ತಂದು, ಅನುಭವದಿಂದ ತ್ಯಜಿಸಿದ ತತ್ತ್ವವನ್ನು ಸ್ವತಂತ್ರ ಭಾರತದ ಉನ್ನತ ಶಿಕ್ಷಣವು ನೂರು ವರ್ಷಗಳ ಮೇಲೆ ಮತ್ತೊಂದು ಹೆಸರಿನಿಂದ ಬರಮಾಡಿಕೊಂಡಿತು. ಒಂದು ವ್ಯತ್ಯಾಸವುಂಟು. ಲೋ ಮಹಾಶಯನು ಮಕ್ಕಳು ಓದಬಲ್ಲರೇ ಎಂದಾದರೂ ಕೇಳಿದ್ದನು. ನಮ್ಮ ಸೂತ್ರದಲ್ಲಿ ವಿದ್ಯಾರ್ಥಿಯ ಪ್ರಸ್ತಾಪವೇ ಇಲ್ಲ.

೬

ಹಾಗಾದರೆ ವಿದ್ಯಾರ್ಥಿಯನ್ನು ನೋಡಿ ಅಧ್ಯಾಪಕನನ್ನು ಅಳೆಯಬಹುದೆ? ಇಲ್ಲಿಯೂ ಅವಸರ ಸಲ್ಲದು. ಬೋಧನೆಯ ಫಲ ಬಹಳ ತಡವಾಗಿ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರು ಸ್ವಂತ ಹೆಸರಿನಲ್ಲಿ ಪ್ರಕಟಿಸಿದ ಗ್ರಂಥಗಳು ಹೆಚ್ಚಲ್ಲ. ಅವರು ೧೯೩೯ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಗುರುವಿಗೆ ಅರ್ಪಿಸಿದ್ದು ಅದಾದ ಹತ್ತು ವರ್ಷಗಳ ಮೇಲೆ. ಅದಕ್ಕೆ ಜ್ಞಾನಪೀಠ ಪ್ರಶಸ್ತಿ ಬಂದದ್ದು ೧೯೬೭ರಲ್ಲಿ. ವೆಂಕಣ್ಣಯ್ಯನವರ ಕಾರ್ಯನಿರ್ವಹಣೆಯನ್ನು ಯಾವ ವರ್ಷದ ನಮೂನೆಯಲ್ಲಿ ತುಂಬತಕ್ಕದ್ದು? ಎಲ್ಲ ಅಧ್ಯಾಪಕರಿಗೂ ಕುವೆಂಪುವಿನಂಥ ಶಿಷ್ಯರು ದೊರೆಯುವುದಿಲ್ಲವೆಂಬುದು ದಿಟ. ಆದರೆ ಮನೆಯಲ್ಲಿ ಮೊದಲಬಾರಿಗೆ ಕಾಲೇಜಿಗೆ ಬಂದ ವಿದ್ಯಾರ್ಥಿನಿಯೊಬ್ಬಳು ಮೂರನೆಯ ವರ್ಷದಲ್ಲಿ ಎದ್ದು ನಿಂತು ಅಧ್ಯಾಪಕರನ್ನು ಒಂದು ಪ್ರಶ್ನೆ ಕೇಳುವಂತಾದರೆ ಅದೂ ಬೋಧನೆಯ ಫಲವೇ, ಅದಕ್ಕೂ ದಾಖಲೆಯಿಲ್ಲ. ಮೇಲೆ ಹೇಳಿದ ಜಾನ್ ಕ್ಯಾಂಬೆಲ್ಲನ ಭೇದ ಇಲ್ಲಿ ನೆರವಿಗೆ ಬರುತ್ತದೆ: ಫಲವನ್ನು ಅಳೆಯಲಾಗದಿದ್ದರೂ ವರ್ತನೆಯನ್ನು ನೋಡಬಹುದು, ಕೇಳಬಹುದು, ವರ್ಣಿಸಬಹುದು.

ಅಳತೆಯ ಪ್ರಶ್ನೆ ಕಾಯಂ ಅಧ್ಯಾಪಕರದು ಮಾತ್ರವೂ ಅಲ್ಲ. ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರು ಹೊತ್ತು ನಡೆಸಿದ್ದಾರೆ. ಅವರ ಕೆಲಸಕ್ಕೆ ಇರುವ ಅಳತೆ ವಾರದ ಗಂಟೆಗಳು. ಗಂಟೆ ಮುಗಿದ ಮೇಲೆ ವಿದ್ಯಾರ್ಥಿಯ ಸಂದೇಹವನ್ನು ಬಗೆಹರಿಸಲು ನಿಂತ ಉಪನ್ಯಾಸಕಿಯ ಕಾರ್ಯವು ಗಂಟೆಯ ಲೆಕ್ಕದಲ್ಲಿ ಕಾರ್ಯವೇ ಅಲ್ಲ. ಒಬ್ಬರಿಗೆ ಅಂಕಗಳು, ಇನ್ನೊಬ್ಬರಿಗೆ ಗಂಟೆಗಳು. ಒಂದೇ ತರಗತಿಯ ಒಂದೇ ಪಾಠಕ್ಕೆ ಎರಡು ವ್ಯಾಖ್ಯೆಗಳು. ವ್ಯಾಖ್ಯೆ ಕೆಲಸದಿಂದ ಹುಟ್ಟಿದ್ದಲ್ಲ, ನೇಮಕದ ಆದೇಶದಿಂದ ಹುಟ್ಟಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

೭

ದೋಷವನ್ನು ತೋರಿಸಿದ ಮೇಲೆ ಪರಿಹಾರದ ದಿಕ್ಕನ್ನಾದರೂ ಸೂಚಿಸುವುದು ವಿಮರ್ಶೆಯ ಧರ್ಮ. ನಮ್ಮ ಸಲಹೆಗಳು ಮೂರು.

ಮೊದಲನೆಯದಾಗಿ, ಎಣಿಕೆಯನ್ನು ಕನಿಷ್ಠ ಕರ್ತವ್ಯಕ್ಕೆ ಮೀಸಲಿಡಬೇಕು. ತರಗತಿಗೆ ಬಂದನೇ, ಉತ್ತರಪತ್ರಿಕೆಗಳನ್ನು ಕಾಲಕ್ಕೆ ಸರಿಯಾಗಿ ನೋಡಿದನೇ ಎಂಬುದನ್ನು ಎಣಿಸುವುದು ಯುಕ್ತವೇ ಆಗಿದೆ. ಆದರೆ ಕನಿಷ್ಠವನ್ನು ಮುಟ್ಟಿದವನನ್ನು ‘ಉತ್ತಮ’ನೆಂದು ಕರೆಯಬಾರದು; ಕರ್ತವ್ಯವನ್ನು ನೆರವೇರಿಸಿದವನೆಂದರೆ ಸಾಕು.

ಎರಡನೆಯದಾಗಿ, ಗುಣದ ನಿರ್ಣಯವನ್ನು ವಾಕ್ಯಗಳಲ್ಲಿ ಬರೆಯಬೇಕು, ಬರೆದದ್ದನ್ನು ಸಂಬಂಧಪಟ್ಟವರಿಗೆ ತೋರಿಸಬೇಕು, ಅವರ ಉತ್ತರಕ್ಕೂ ಅದರಲ್ಲಿ ಸ್ಥಳವಿರಬೇಕು. ಬೇರೆ ಕಾಲೇಜಿನ ಅದೇ ವಿಷಯದ ಇಬ್ಬರು ಅಧ್ಯಾಪಕರು ವರ್ಷಕ್ಕೆರಡು ಬಾರಿ ತರಗತಿಯಲ್ಲಿ ಕುಳಿತು ಕೇಳಿ ವರದಿ ಬರೆದರೆ ಥಾರ್ನ್‌ಡೈಕನು ಹೇಳಿದ ದೋಷವೂ ಊರಿನ ಸಲಿಗೆಯೂ ಪೂರ್ತಿಯಾಗಿ ತೊಲಗಲಾರವು. ಆದರೆ ಬೆಳಕಿನಲ್ಲಿರುವ ಪಕ್ಷಪಾತಕ್ಕೆ ಉತ್ತರ ಹೇಳುವ ಅವಕಾಶವಿರುತ್ತದೆ. ಇದಕ್ಕೆ ಕಾಲವೂ ಹಣವೂ ಬೇಕೆಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಯಾರೂ ಓದದ ಪ್ರಬಂಧಗಳ ಅಚ್ಚಿಗೆ ಅಧ್ಯಾಪಕರು ತೆತ್ತ ಹಣವನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕೆಂದು ಮಾತ್ರ ಹೇಳುತ್ತೇವೆ.

ಮೂರನೆಯದಾಗಿ, ಸಂಶೋಧನೆಯನ್ನು ವರ್ಷದಿಂದ ವರ್ಷಕ್ಕೆ ಅಳೆಯದೆ ಐದಾರು ವರ್ಷಗಳಿಗೊಮ್ಮೆ, ಅಧ್ಯಾಪಕನು ತಾನೇ ಆರಿಸಿ ಕೊಟ್ಟ ಒಂದೆರಡು ಬರೆಹಗಳನ್ನು ಓದಿ ನಿರ್ಣಯಿಸಬೇಕು. ಆಯೋಗವು ೨೦೨೫ರ ಜನವರಿಯಲ್ಲಿ ಪ್ರಕಟಿಸಿದ ಕರಡು ನಿಯಮಾವಳಿಯು ಅಂಕಗಳನ್ನು ಬಿಟ್ಟು, ಭಾರತೀಯ ಭಾಷೆಗಳಲ್ಲಿ ಬೋಧನೆಯೂ ಸೇರಿದಂತೆ ಒಂಬತ್ತು ಬಗೆಯ ಗಣನೀಯ ಕೊಡುಗೆಗಳನ್ನು ಹೆಸರಿಸಿತು. ಆ ದಿಕ್ಕು ಸ್ವಾಗತಾರ್ಹ. ಆದರೆ ಕೊಡುಗೆ ಗಣನೀಯವೇ ಅಲ್ಲವೇ ಎಂಬುದನ್ನು ಓದಿ ತಿಳಿಯುವವರು ಇಲ್ಲದಿದ್ದರೆ ಒಂಬತ್ತು ಬಗೆಗಳೂ ಇನ್ನೊಂದು ಪಟ್ಟಿಯ ಒಂಬತ್ತು ಕಲಮುಗಳಾಗುತ್ತವೆ.

ಅಧ್ಯಾಪಕನ ಕೆಲಸ ಯಾವುದೆಂಬ ಪ್ರಶ್ನೆಯನ್ನು ನಾವೇ ಕೇಳಿಕೊಂಡು ಉತ್ತರಿಸದಿದ್ದರೆ ನಮೂನೆಯು ನಮಗಾಗಿ ಉತ್ತರಿಸುತ್ತದೆ. ಇಂದು ವೃತ್ತಿಗೆ ಬರುತ್ತಿರುವ ತರುಣ ಅಧ್ಯಾಪಕರು ಆ ನಮೂನೆಯನ್ನು ನೋಡಿಯೇ ವೃತ್ತಿಯನ್ನು ಕಲಿಯುತ್ತಿದ್ದಾರೆ; ಯಾವುದಕ್ಕೆ ಅಂಕವುಂಟೋ ಅದನ್ನು ಮಾಡಬೇಕು, ಯಾವುದಕ್ಕಿಲ್ಲವೋ ಅದನ್ನು ಬಿಡಬೇಕು ಎಂಬುದು ಅವರಿಗೆ ದೊರೆಯುತ್ತಿರುವ ಮೊದಲ ಪಾಠ. ಇದರ ನಷ್ಟವನ್ನು ಭರಿಸುವವರು ಎದುರಿಗೆ ಕುಳಿತ ವಿದ್ಯಾರ್ಥಿಗಳು. ವಿಭಾಗದ ಸಭೆಗಳಲ್ಲಿ ಅಂಕಗಳ ಹಂಚಿಕೆಯನ್ನು ಕುರಿತು ನಡೆಯುವ ಚರ್ಚೆಯಲ್ಲಿ ಅರ್ಧವಾದರೂ ಒಳ್ಳೆಯ ಪಾಠವೆಂದರೆ ಯಾವುದು ಎಂಬುದನ್ನು ಕುರಿತು ನಡೆಯಲಿ ಎಂದು ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇವೆ.